ಬೆಟ್ಟದ ದೇವರ ನೆರೆಯಲ್ಲಿ ಬಾಡಿಗೆ ಮನೆ

ಶುಕ್ರವಾರ ಸಂಜೆ ಅತ್ತಿಬೆಲೆ ದಾಟುವ ಬೆಂಗಳೂರಿನ ಕಾರುಗಳಲ್ಲಿ ಒಂದಷ್ಟು ಕೃಷ್ಣಗಿರಿಯಲ್ಲಿ ಚೆನ್ನೈ ಕಡೆಗೆ ತಿರುಗುತ್ತವೆ. ಮಿಕ್ಕವು ನೇರವಾಗಿ ಧರ್ಮಪುರಿ ಹಾಯ್ದು, ಲಾರಿಗಳು ಉಸಿರು ಬಿಗಿಹಿಡಿದು ಇಳಿಯುವ ತೊಪ್ಪೂರು ಘಾಟಿ ದಾಟಿ ಸೇಲಂ ಸೇರುತ್ತವೆ. ಅವುಗಳಲ್ಲಿ ಹಲವು ಅಲ್ಲಿಗೂ ನಿಲ್ಲುವುದಿಲ್ಲ. ಊರಿನ ಉತ್ತರಕ್ಕೆ ಗೋಡೆಯಂತೆ ಎದ್ದ ಸೇರ್ವರಾಯನ್ ಬೆಟ್ಟಸಾಲಿನ ಬುಡಕ್ಕೆ ಬಂದು, 20 ಹೇರ್‌ಪಿನ್ ತಿರುವುಗಳನ್ನು ಹತ್ತಿ ಏರ್ಕಾಡು ತಲುಪುತ್ತವೆ. ಬೆಂಗಳೂರಿನಿಂದ ಅಲ್ಲಿಗೆ ಸುಮಾರು 230 ಕಿಲೋಮೀಟರ್.

ಬಂದವರಲ್ಲಿ ಬಹುಪಾಲು ಜನ ಮಾಡುವುದು ಒಂದೇ. ಕೆರೆಯಲ್ಲಿ ದೋಣಿ, ಲೇಡೀಸ್ ಸೀಟ್‌ನಿಂದ ಕೆಳಗಿನ ಸೇಲಂ ಪಟ್ಟಣದ ನೋಟ, ಪಗೋಡಾ ಪಾಯಿಂಟ್‌ನಲ್ಲಿ ಒಂದು ಫೋಟೊ, ಕಾಫಿ ಪುಡಿ, ಮೆಣಸು, ಆಮೇಲೆ ಇಳಿಜಾರು. ಅವರು ನೋಡಿದ್ದು ಕೆರೆಯ ಸುತ್ತಲಿನ ಅಂಗಡಿಬೀದಿಯನ್ನು. ಬೆಟ್ಟ ಇರುವುದು ಅದರಾಚೆ, ಕಾಫಿ ತೋಟಗಳ ಒಳಗೆ, ಬೆಟ್ಟದ ಜನರ ಹಳ್ಳಿಗಳಲ್ಲಿ, ಸಣ್ಣಪುಟ್ಟ ಗುಡಿಗಳಲ್ಲಿ. ಅದನ್ನು ಕಾಣಬೇಕಾದರೆ ರಾತ್ರಿ ಅಲ್ಲೇ ಉಳಿಯಬೇಕು. ಅದೂ ಹೋಟೆಲಿನಲ್ಲಿ ಅಲ್ಲ, ತೋಟದ ನಡುವಿನ ಒಂದು ಮನೆಯಲ್ಲಿ.

ಇಂಥ ಮನೆಗಳಿಗೆ ಇಲ್ಲಿ ಇನ್ನೂರು ವರ್ಷದ ಚರಿತ್ರೆ ಇದೆ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಸುಲ್ತಾನ್ ಬಾರಾಮಹಲ್ ಮತ್ತು ಸೇಲಂ ಸೀಮೆಗಳನ್ನು ಬಿಟ್ಟುಕೊಟ್ಟ ಮೇಲೆ ಇದು ಕಂಪನಿ ಸರ್ಕಾರದ ನೆಲವಾಯಿತು. ಆಗ ಕಂದಾಯ ವ್ಯವಸ್ಥೆಗೆಂದು ಬಂದ ಅಲೆಕ್ಸಾಂಡರ್ ರೀಡ್‌ಗೆ ಸಹಾಯಕರಾಗಿದ್ದವರಲ್ಲಿ ಥಾಮಸ್ ಮನ್ರೋ ಒಬ್ಬರು. ಮಂತ್ರಾಲಯದ ರಾಯರ ಕಥೆಯಲ್ಲಿ ಕನ್ನಡಿಗರು ಕೇಳಿ ಬಲ್ಲ ಅದೇ ಮನ್ರೋ. ಬಳ್ಳಾರಿಗೆ ಬರುವ ಮೊದಲು 1799ರವರೆಗೆ ಅವರು ಕೆಲಸ ಮಾಡಿದ್ದು ಈ ಸೀಮೆಯಲ್ಲಿ, ವಾಸವಿದ್ದದ್ದು ಧರ್ಮಪುರಿಯಲ್ಲಿ. ಆದರೆ ಬೆಟ್ಟದ ಮೇಲೆ ಮನೆ ಕಟ್ಟುವ ಗೀಳು ಹತ್ತಿಸಿದವರು 1820ರ ದಶಕದಲ್ಲಿ ಸೇಲಂ ಕಲೆಕ್ಟರ್ ಆಗಿದ್ದ ಎಂ. ಡಿ. ಕಾಕ್‌ಬರ್ನ್. ಕಾಫಿ ಗಿಡ, ಬಗೆಬಗೆಯ ಹಣ್ಣಿನ ಗಿಡಗಳನ್ನು ಅವರು ಮೇಲಕ್ಕೆ ತರಿಸಿದರು. ಗ್ರೇಂಜ್ ಎಂಬ ಹೆಸರಿನ ಅವರ ಎಸ್ಟೇಟಿನ ಕಟ್ಟಡ ಈಗಲೂ ಇದೆ. ಬೇಸಿಗೆಯ ಸೇಲಂನಿಂದ ಓಡಿ ಬರುವ ಅಧಿಕಾರಿಗಳು, ಪಾದ್ರಿಗಳು, ತೋಟದ ಧಣಿಗಳು ಒಬ್ಬೊಬ್ಬರಾಗಿ ಬಂಗಲೆ ಕಟ್ಟಿದರು. ಅವರ ಮಕ್ಕಳಿಗಾಗಿ ಶಾಲೆಗಳು ಬಂದವು. ಇವತ್ತೂ ಹೆಸರಾದ ಮಾಂಟ್‌ಫೋರ್ಟ್ ಶಾಲೆ 1917ರದ್ದು.

ಏರ್ಕಾಡಿನಲ್ಲಿ ಇಂದು ‘ಹೋಂಸ್ಟೇ’ ಬೋರ್ಡು ತಗುಲಿಸಿಕೊಂಡ ಒಳ್ಳೆಯ ಮನೆಗಳು ಬಹುತೇಕ ಈ ಬಂಗಲೆಗಳ ವಂಶದವೇ. ಹಂಚಿನ ಮಾಡು, ಮುಂದೆ ಉದ್ದನೆಯ ಜಗುಲಿ, ದಪ್ಪ ಗೋಡೆ, ಚಳಿಗಾಲಕ್ಕೊಂದು ಬೆಂಕಿಗೂಡು. ಅಂಗಳ ದಾಟಿದರೆ ಕಾಫಿ ಒಣಹಾಕುವ ಕಣ. ಆಚೆಗೆ ಸಿಲ್ವರ್ ಓಕ್ ಮರಗಳು, ಮರಕ್ಕೆ ಸುತ್ತಿದ ಮೆಣಸಿನ ಬಳ್ಳಿ, ಕೆಳಗೆ ಕಾಫಿ. ಚಿಕ್ಕಮಗಳೂರು, ಸಕಲೇಶಪುರ, ಕೊಡಗುಗಳನ್ನು ಬಲ್ಲವರಿಗೆ ಇದು ಹೊಸ ನೋಟವಲ್ಲ. ಹೊಸದೆಂದರೆ ಅದರ ಎತ್ತರ ಮತ್ತು ಒಂಟಿತನ. ಪಶ್ಚಿಮ ಘಟ್ಟದಲ್ಲಿ ಒಂದು ಬೆಟ್ಟದ ಹಿಂದೆ ಇನ್ನೊಂದು ನಿಂತಿರುತ್ತದೆ. ಇಲ್ಲಿ ಒಣ ಬಯಲಿನ ಮಧ್ಯೆ 1500 ಮೀಟರ್ ಎತ್ತರದ ಒಂದು ತುಂಡು ಮಲೆನಾಡು ತಾನೊಂದೇ ಎದ್ದು ನಿಂತಿದೆ. ರಾತ್ರಿ ಜಗುಲಿಯಲ್ಲಿ ಕುಳಿತರೆ ಕೆಳಗೆ ಸೇಲಂ ನಗರದ ದೀಪಗಳು ಕಾಣುತ್ತವೆ. ಅಲ್ಲಿ ಸೆಕೆಗೆ ಫ್ಯಾನು ತಿರುಗುತ್ತಿರುವ ಹೊತ್ತಿಗೆ ಇಲ್ಲಿ ಶಾಲು ಬೇಕಾಗುತ್ತದೆ.

ಮಾರ್ಚ್ ಏಪ್ರಿಲ್‌ನಲ್ಲಿ ಮೊದಲ ಮಳೆ ಬಿದ್ದ ಕೆಲವು ದಿನಕ್ಕೆ ಕಾಫಿ ತೋಟವೆಲ್ಲ ಹೂ ಬಿಟ್ಟು ಬೆಳ್ಳಗಾಗುತ್ತದೆ. ಮಲ್ಲಿಗೆಯನ್ನು ಹೋಲುವ ಆ ವಾಸನೆ ಬಹಳ ಕಾಲ ನಿಲ್ಲುವುದಿಲ್ಲ. ಆ ದಿನಗಳಲ್ಲಿ ತೋಟದ ಮನೆಯಲ್ಲಿದ್ದವರು ಅದೃಷ್ಟವಂತರು. ನವೆಂಬರಿನಿಂದ ಹಣ್ಣು ಕೊಯ್ಲು. ಆಗ ಉಳಿದುಕೊಂಡರೆ ಕಾಫಿ ಎಂಬುದು ಎಷ್ಟು ಕೈಗಳನ್ನು ದಾಟಿ ಲೋಟಕ್ಕೆ ಬರುತ್ತದೆ ಎಂಬುದನ್ನು ಮಕ್ಕಳಿಗೆ ತೋರಿಸಬಹುದು.

ಏರ್ಕಾಡಿನಿಂದ ಬೆಟ್ಟಸಾಲಿನ ನೆತ್ತಿಗೆ ಹೋದರೆ ಸೇರ್ವರಾಯನ್ ಗುಡಿ. 1,623 ಮೀಟರ್, ಅಂದರೆ 5,326 ಅಡಿ. ಸುತ್ತಲೂ ಹುಲ್ಲಿನ ಮಟ್ಟಸ ಬಯಲು, ಕಾಲಡಿಯಲ್ಲಿ ಕೆಂಪು ಮಣ್ಣು. ಈ ಮಣ್ಣಿನಲ್ಲಿ ಬಾಕ್ಸೈಟ್ ಇದೆ. ಮೆಟ್ಟೂರಿನ ಅಲ್ಯೂಮಿನಿಯಂ ಕಾರ್ಖಾನೆಗಾಗಿ ಈ ಬೆಟ್ಟಗಳನ್ನು ಅಗೆದದ್ದೂ ಉಂಟು. ಗುಡಿಗೆ ಗೋಪುರದ ಆಡಂಬರವಿಲ್ಲ. ಅದೊಂದು ಗವಿ. ತಲೆ ತಗ್ಗಿಸಿ, ಮೈ ಕುಗ್ಗಿಸಿ ಒಳಗೆ ಹೋಗಬೇಕು. ಒಳಗಿನ ಕತ್ತಲಲ್ಲಿ ಎಣ್ಣೆದೀಪದ ಬೆಳಕಿಗೆ ಕಾಣುವುದು ಎರಡು ಮೂರ್ತಿ, ಸೇರ್ವರಾಯ ಮತ್ತು ಕಾವೇರಿ ಅಮ್ಮ. ಒಬ್ಬ ಬೆಟ್ಟ, ಇನ್ನೊಬ್ಬಳು ಹೊಳೆ. ಕೊಡಗಿನಲ್ಲಿ ಹುಟ್ಟಿ ಹೊಗೇನಕಲ್ಲಿನಲ್ಲಿ ಬಂಡೆಗೆ ಬಡಿದು ಮೆಟ್ಟೂರಿನಲ್ಲಿ ತಂಗುವ ಕಾವೇರಿಗೆ ಇಲ್ಲಿ ಬೆಟ್ಟದ ತುದಿಯ ಗವಿಯಲ್ಲೂ ಒಂದು ಮನೆ ಇದೆ ಎಂಬುದು ತಲಕಾವೇರಿಗೆ ಕೈ ಮುಗಿಯುವ ಕನ್ನಡಿಗರಲ್ಲಿ ಎಷ್ಟೋ ಮಂದಿಗೆ ಗೊತ್ತಿಲ್ಲ. ಗೊತ್ತಿರಬೇಕಾದ ಸಂಗತಿ ಇದು.

ಈ ದೇವರು ಬೆಟ್ಟದ ಜನರದ್ದು. ಅವರನ್ನು ಮಲಯಾಳಿಗಳು ಎನ್ನುತ್ತಾರೆ. ಕೇರಳಕ್ಕೂ ಇವರಿಗೂ ನಂಟಿಲ್ಲ, ಆಡುವುದು ತಮಿಳು. ಸೇಲಂ, ಧರ್ಮಪುರಿ ಜಿಲ್ಲೆಗಳಲ್ಲಿ ಇವರು ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿದ್ದಾರೆ. ಕಾಂಚೀಪುರದಿಂದ ಮೂವರು ಅಣ್ಣತಮ್ಮಂದಿರು ಹೊರಟು ಬಂದರು, ಹಿರಿಯವ ಸೇರ್ವರಾಯನ್ ಬೆಟ್ಟದಲ್ಲಿ ನೆಲೆಸಿದ, ಉಳಿದಿಬ್ಬರು ಪಚ್ಚೈಮಲೆ ಮತ್ತು ಕೊಲ್ಲಿಮಲೆಗೆ ಹೋದರು ಎಂಬುದು ಅವರ ಹಿರೀಕರ ಕಥೆ. ಸಾಮೆ, ರಾಗಿ ಅವರ ಹಳೆಯ ಬೆಳೆ. ಮೇ ತಿಂಗಳಲ್ಲಿ ಸೇರ್ವರಾಯನ ಜಾತ್ರೆ. ಆಗ ಸುತ್ತಲಿನ ಹಳ್ಳಿಗಳೆಲ್ಲ ಈ ನೆತ್ತಿಗೆ ಹತ್ತಿ ಬರುತ್ತವೆ. ಏರ್ಕಾಡಿನ ಸರ್ಕಾರಿ ಬೇಸಿಗೆ ಉತ್ಸವ, ಫಲಪುಷ್ಪ ಪ್ರದರ್ಶನ ಕೂಡ ಇದೇ ತಿಂಗಳಲ್ಲಿ. ಪ್ರವಾಸಿಗರು ಹೂವಿನ ಆನೆ ನೋಡಲು ಒಂದು ಕಡೆ, ಬೆಟ್ಟದ ಜನ ದೇವರ ಸೇವೆಗೆ ಇನ್ನೊಂದು ಕಡೆ. ಎರಡನ್ನೂ ನೋಡುವ ಅವಕಾಶ ಸಿಗುವುದು ಅಲ್ಲೇ ತಂಗಿದವರಿಗೆ.

ಈ ಗುಡಿಗಳ ಬಗ್ಗೆ ಒಂದು ಅಪರೂಪದ ಸಂಗತಿಯನ್ನು ಬರೆದಿಟ್ಟವರು ಇಲ್ಲೇ ಮನೆ ಮಾಡಿಕೊಂಡಿದ್ದ ಒಬ್ಬ ಭೂವಿಜ್ಞಾನಿ, ರಾಬರ್ಟ್ ಬ್ರೂಸ್ ಫುಟ್. 1863ರಲ್ಲಿ ಮದ್ರಾಸಿನ ಹತ್ತಿರದ ಪಲ್ಲಾವರದಲ್ಲಿ ಹಳೆ ಶಿಲಾಯುಗದ ಕಲ್ಲಿನ ಆಯುಧ ಗುರುತಿಸಿ ಭಾರತದ ಪ್ರಾಗಿತಿಹಾಸದ ಅಧ್ಯಯನಕ್ಕೆ ಬಾಗಿಲು ತೆರೆದವರು ಅವರು. ಅವರ ಏರ್ಕಾಡಿನ ಮನೆಗೆ ಐವಿ ಕಾಟೇಜ್ ಎಂದು ಹೆಸರು. ಸೇರ್ವರಾಯನ್ ಬೆಟ್ಟದಲ್ಲಿ ಸುತ್ತುವಾಗ ಅವರಿಗೆ ಕಂಡದ್ದು ಇದು: ಹೊಸ ಶಿಲಾಯುಗದ ನುಣುಪಾದ ಕಲ್ಲುಕೊಡಲಿಗಳು ಉಳುವಾಗ, ಅಗೆಯುವಾಗ ಸಿಕ್ಕರೆ ಮಲಯಾಳಿಗಳು ಅವನ್ನು ಎಸೆಯುತ್ತಿರಲಿಲ್ಲ, ಪಿಳ್ಳೈಯಾರ್ ಗುಡಿಗಳಲ್ಲಿ ತಂದಿಡುತ್ತಿದ್ದರು. ಸಾವಿರಾರು ವರ್ಷ ಹಿಂದೆ ಯಾರೋ ಕಾಡು ಕಡಿಯಲು ಉಜ್ಜಿ ಹರಿತ ಮಾಡಿದ ಕಲ್ಲು ಗಣೇಶನ ಗುಡಿಯಲ್ಲಿ ಜಾಗ ಪಡೆಯುತ್ತಿತ್ತು. ವಸ್ತುಸಂಗ್ರಹಾಲಯ ಸೇರುವ ಮೊದಲೇ ಆ ಜನ ಅವನ್ನು ಕಾಪಾಡಿದರು.

ಫುಟ್ ಅವರಿಗೂ ಕನ್ನಡ ನಾಡಿಗೂ ಇರುವ ಸಂಬಂಧ ಆಳವಾದದ್ದು. ಚಿನ್ನ, ಕಬ್ಬಿಣ, ಮ್ಯಾಂಗನೀಸ್‌ಗಳನ್ನು ಒಡಲಲ್ಲಿಟ್ಟುಕೊಂಡ ನಮ್ಮ ಶಿಲೆಗಳಿಗೆ ‘ಧಾರವಾಡ’ ಎಂಬ ಹೆಸರನ್ನು ಭೂವಿಜ್ಞಾನದಲ್ಲಿ ನೆಲೆಗೊಳಿಸಿದವರು ಅವರೇ. ಬಳ್ಳಾರಿ ಬಳಿಯ ಕಪ್ಪಗಲ್ಲು ಗುಡ್ಡದ ಕಲ್ಲುಕೊಡಲಿ ತಯಾರಿಕೆಯ ನೆಲೆಯನ್ನು ದಾಖಲಿಸಿದವರೂ ಅವರೇ. 1894ರಲ್ಲಿ ಮೈಸೂರು ಸಂಸ್ಥಾನ ಭೂವಿಜ್ಞಾನ ಇಲಾಖೆ ತೆರೆದಾಗ ಅದರ ಮೊದಲ ಮುಖ್ಯಸ್ಥರಾದರು. 1912ರ ಡಿಸೆಂಬರಿನಲ್ಲಿ ಕಲ್ಕತ್ತೆಯಲ್ಲಿ ತೀರಿಕೊಂಡ ಅವರ ಸ್ಮಾರಕ ಇರುವುದು ಏರ್ಕಾಡಿನ ಹೋಲಿ ಟ್ರಿನಿಟಿ ಚರ್ಚಿನಲ್ಲಿ. ದೋಣಿ ವಿಹಾರಕ್ಕೆ ಸಾಲಿನಲ್ಲಿ ನಿಲ್ಲುವ ಅರ್ಧ ಗಂಟೆಯಲ್ಲಿ ಅಲ್ಲಿಗೊಮ್ಮೆ ಹೋಗಿ ಬರಬಹುದು.

ಬೆಟ್ಟ ಇಳಿದು ಧರ್ಮಪುರಿ ಜಿಲ್ಲೆಗೆ ಬಂದರೆ ಮನೆಯ ಕಥೆ ಬೇರೆ, ದೇವರ ಕಥೆಯೂ ಬೇರೆ. 1965ರಲ್ಲಿ ಸೇಲಂನಿಂದ ಬೇರ್ಪಟ್ಟ ಈ ಜಿಲ್ಲೆಯ ಕೇಂದ್ರಕ್ಕೆ ಹಿಂದೆ ತಗಡೂರು ಎಂದು ಹೆಸರು. 9ನೇ ಶತಮಾನದಲ್ಲಿ ಇಲ್ಲಿ ಆಳಿದವರು ನೊಳಂಬರು. ಅರಸ ಮಹೇಂದ್ರನ ಕಾಲದ ಕನ್ನಡ ಶಾಸನಗಳು ಧರ್ಮಪುರಿಯಲ್ಲೇ ಸಿಕ್ಕಿವೆ. ಜೈನ ಬಸದಿಗೆ ಕೊಟ್ಟ ದತ್ತಿಯ ವಿವರ ಅವುಗಳಲ್ಲಿದೆ. ಊರಿನ ಕೋಟೆ ದೇವಸ್ಥಾನದಲ್ಲಿ, ಮಲ್ಲಿಕಾರ್ಜುನನ ಗುಡಿಯಲ್ಲಿ ನೊಳಂಬ ಶೈಲಿಯ ಕೆತ್ತನೆ ಇಂದಿಗೂ ನೋಡಸಿಗುತ್ತದೆ. ಹೊಗೇನಕಲ್‌ಗೆ ಓಡುವ ಆತುರದಲ್ಲಿ ಕರ್ನಾಟಕದ ಪ್ರವಾಸಿಗರು ಇದನ್ನು ಬಿಟ್ಟುಬಿಡುತ್ತಾರೆ. ಇದು ತಪ್ಪಬೇಕು.

ಹರೂರಿನಿಂದ ಸುಮಾರು 16 ಕಿಲೋಮೀಟರ್ ದೂರದ ತೀರ್ಥಮಲೆ ಈ ಜಿಲ್ಲೆಯ ದೊಡ್ಡ ಬೆಟ್ಟದ ಕ್ಷೇತ್ರ. ಮೇಲೆ ತೀರ್ಥಗಿರೀಶ್ವರ. ರಾವಣವಧೆಯ ನಂತರ ರಾಮ ಇಲ್ಲಿ ಶಿವಪೂಜೆಗೆ ಕುಳಿತ, ಕಾಶಿಯ ತೀರ್ಥ ಹೊತ್ತಿಗೆ ಸರಿಯಾಗಿ ಬರಲಿಲ್ಲ, ಬಾಣ ಬಿಟ್ಟು ಬಂಡೆಯಿಂದಲೇ ನೀರು ತರಿಸಿದ ಎನ್ನುವುದು ಸ್ಥಳಪುರಾಣ. ರಾಮತೀರ್ಥ, ಕುಮಾರತೀರ್ಥ, ಗೌರಿತೀರ್ಥ, ಅಗಸ್ತ್ಯತೀರ್ಥ, ಅಗ್ನಿತೀರ್ಥ ಎಂದು ಐದು ತೀರ್ಥಗಳನ್ನು ಹೆಸರಿಸುತ್ತಾರೆ. ಒಣಭೂಮಿಯ ನಡುವೆ ಬಂಡೆ ಸೀಳಿನಿಂದ ಜಿನುಗುವ ನೀರಿಗೆ ತಲೆಯೊಡ್ಡಿ ನಿಂತ ಭಕ್ತರನ್ನು ನೋಡಿದರೆ ಈ ಸೀಮೆಯಲ್ಲಿ ನೀರೇ ದೇವರು ಯಾಕೆ ಎಂದು ಅರ್ಥವಾಗುತ್ತದೆ. ಬೆಟ್ಟದ ಬುಡದಲ್ಲೂ ಒಂದು ದೇವಸ್ಥಾನವಿದೆ. ಹತ್ತಲಾಗದ ವಯಸ್ಸಾದವರು ಅಲ್ಲೇ ಪೂಜೆ ಮಾಡಿಸುತ್ತಾರೆ. ಶಿವರಾತ್ರಿಗೆ ಜನಸಾಗರ. ಏರ್ಕಾಡಿನಂತೆ ಇಲ್ಲಿ ಬಂಗಲೆಗಳ ಪರಂಪರೆ ಬೆಳೆಯಲಿಲ್ಲ. ಹರೂರು ಅಥವಾ ಧರ್ಮಪುರಿಯಲ್ಲಿ ಉಳಿದು, ಬಿಸಿಲೇರುವ ಮೊದಲೇ ಬಂದು ಮೆಟ್ಟಿಲು ಹತ್ತುವುದು ಒಳ್ಳೆಯದು.

ಧರ್ಮಪುರಿಯ ಸಮೀಪದ ಇನ್ನೊಂದು ಬೆಟ್ಟ ವತ್ತಲ್‌ಮಲೆ. ಅಲ್ಲೂ ಮಲಯಾಳಿಗಳ ಹಳ್ಳಿಗಳು, ಅಲ್ಲೂ ಕಾಫಿ, ಮೆಣಸು, ಸಿಲ್ವರ್ ಓಕ್. ಆದರೆ ತೋಟಗಳು ಹೆಚ್ಚಾಗಿ ಬೆಟ್ಟದ ಜನರವೇ ಆದ ಸಣ್ಣ ಹಿಡುವಳಿಗಳು. ಬಹಳ ಕಾಲ ಕಾಲುದಾರಿಯೇ ಗತಿಯಾಗಿದ್ದ ಊರುಗಳಿಗೆ ಡಾಂಬರು ರಸ್ತೆ, ಬಸ್ಸು ಬಂದದ್ದು ಇತ್ತೀಚೆಗೆ. ಈಗ ಪ್ರವಾಸೋದ್ಯಮದ ಮಾತು ಶುರುವಾಗಿದೆ. ಏರ್ಕಾಡಿನಲ್ಲಿ ಮನೆ ಕಟ್ಟಿದವರು ಹೊರಗಿನವರು, ಬೆಟ್ಟದ ಜನ ಅವರ ತೋಟದಲ್ಲಿ ಕೂಲಿಗೆ ನಿಂತರು. ವತ್ತಲ್‌ಮಲೆಯಲ್ಲಿ ಮನೆಯ ಒಡೆಯರೂ ಅತಿಥಿಯ ಹಣ ಎಣಿಸುವವರೂ ಅಲ್ಲಿಯವರೇ ಆಗಲು ಇನ್ನೂ ಸಮಯವಿದೆ. ಮನೆ ಯಾರದ್ದು, ಹಣ ಯಾರಿಗೆ ಎಂಬುದೇ ಎರಡೂ ಜಿಲ್ಲೆಗಳ ಬೆಟ್ಟಗಳಲ್ಲಿ ಇವತ್ತು ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ.

ಈ ಪ್ರಶ್ನೆಯನ್ನು ನಮಗಿಂತ ಮೊದಲೇ ಎದುರಿಸಿದ ದೇಶ ಜಪಾನ್. ಒಸಾಕಾದ ದಕ್ಷಿಣದ ಬೆಟ್ಟಗಳಲ್ಲಿ ಸುಮಾರು 800 ಮೀಟರ್ ಎತ್ತರದಲ್ಲಿ ಕೋಯಾಸಾನ್ ಇದೆ. 816ರಲ್ಲಿ ಚಕ್ರವರ್ತಿಯಿಂದ ಈ ಜಾಗ ಪಡೆದು ಬೌದ್ಧ ಕ್ಷೇತ್ರ ಕಟ್ಟಿದವರು ಕೂಕಾಯ್ ಎಂಬ ಯತಿ. 835ರಲ್ಲಿ ಅವರು ಅಲ್ಲಿ ಧ್ಯಾನಕ್ಕೆ ಕುಳಿತರು, ಇಂದಿಗೂ ಧ್ಯಾನದಲ್ಲೇ ಇದ್ದಾರೆ ಎಂಬುದು ಭಕ್ತರ ನಂಬಿಕೆ. ದಿನಕ್ಕೆ ಎರಡು ಸಲ ಅವರಿಗೆ ಊಟ ಒಯ್ಯುತ್ತಾರೆ. ರಾಯರ ಬೃಂದಾವನ ಬಲ್ಲ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ಲಿನ ನೂರಕ್ಕೂ ಹೆಚ್ಚು ದೇವಾಲಯಗಳಲ್ಲಿ ಐವತ್ತರಷ್ಟು ಅತಿಥಿಗಳಿಗೆ ತಂಗಲು ಕೋಣೆ ಕೊಡುತ್ತವೆ. ಇವಕ್ಕೆ ಶುಕುಬೊ ಎನ್ನುತ್ತಾರೆ. ಚಾಪೆ ಹಾಸಿದ ಕೋಣೆ, ಈರುಳ್ಳಿ ಬೆಳ್ಳುಳ್ಳಿಯಿಲ್ಲದ ಸಸ್ಯಾಹಾರ, ಬೆಳಗಿನ ಜಾವ ಮಂತ್ರಪಠಣ. ಅತಿಥಿ ದೇವಾಲಯದ ವೇಳೆಗೆ ಏಳುತ್ತಾನೆ, ದೇವಾಲಯ ಅವನ ವೇಳೆಗೆ ಕಾಯುವುದಿಲ್ಲ.

ಶಿಕೋಕು ದ್ವೀಪದ ಇಯಾ ಕಣಿವೆಯದು ಬೇರೆ ಮಾದರಿ. ಹಳ್ಳಿಗರು ಬಿಟ್ಟು ಹೋಗಿದ್ದ ಹುಲ್ಲಿನ ಮಾಡಿನ ಹಳೆಯ ಮನೆಯೊಂದನ್ನು 1973ರಲ್ಲಿ ಅಲೆಕ್ಸ್ ಕೆರ್ ಎಂಬ ಅಮೆರಿಕದ ಯುವಕ ಕೊಂಡು, ಚಿಯೋರಿ ಎಂದು ಹೆಸರಿಟ್ಟು ರಿಪೇರಿ ಮಾಡಿದರು. ನೆಲದ ನಡುವೆ ಒಲೆ, ಹೊಗೆಗೆ ಕಪ್ಪಾದ ತೊಲೆಗಳು. ಕ್ರಮೇಣ ಕಣಿವೆಯ ಬೇರೆ ಹಳೆ ಮನೆಗಳೂ ಅತಿಥಿಗಳಿಗೆ ತೆರೆದವು. 2023ರ ಲೆಕ್ಕದಂತೆ ಜಪಾನಿನಲ್ಲಿ ಖಾಲಿ ಬಿದ್ದ ಮನೆಗಳು ಸುಮಾರು 90 ಲಕ್ಷ. ಅಲ್ಲಿ ಬಾಡಿಗೆ ಮನೆ ಎಂಬುದು ಸಾಯುತ್ತಿರುವ ಹಳ್ಳಿಗೆ ಜೀವ ತುಂಬುವ ದಾರಿಗಳಲ್ಲಿ ಒಂದು. ಹಾಗೆಂದು ಲಗಾಮು ಬಿಟ್ಟಿಲ್ಲ. 2018ರ ಜೂನ್‌ನಿಂದ ಜಾರಿಯಲ್ಲಿರುವ ಕಾನೂನು, ವಾಸದ ಮನೆಯನ್ನು ವರ್ಷಕ್ಕೆ 180 ದಿನಕ್ಕಿಂತ ಹೆಚ್ಚು ಪ್ರವಾಸಿಗರಿಗೆ ಕೊಡುವಂತಿಲ್ಲ ಎನ್ನುತ್ತದೆ.

ಸೇಲಂ, ಧರ್ಮಪುರಿಯ ಬೆಟ್ಟಗಳಲ್ಲಿ ಹಳ್ಳಿ ಖಾಲಿಯಾಗಿಲ್ಲ. ಇಲ್ಲಿನ ಆತಂಕ ತೋಟ ಒಡೆದು ನಿವೇಶನ ಮಾಡಿ, ಕಾಂಪೌಂಡು ಎಬ್ಬಿಸಿ ಕಟ್ಟುವ ವಿಲ್ಲಾಗಳದ್ದು. ವಾರಾಂತ್ಯಕ್ಕೆ ಜನ ಬರುತ್ತಾರೆ, ಬೆಟ್ಟದ ನೀರು ಬಳಸುತ್ತಾರೆ, ಊಟ ಸೇಲಂನಿಂದ ಪಾರ್ಸಲ್ ಬರುತ್ತದೆ, ಪಕ್ಕದ ಹಳ್ಳಿಗೆ ಸಿಗುವುದು ಕಸ ಮತ್ತು ಸ್ಪೀಕರಿನ ಸದ್ದು. ಕೇಂದ್ರ ಸರ್ಕಾರದ ಹೋಂಸ್ಟೇ ನಿಯಮ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಮನೆಯ ಒಡೆಯರು ಅದೇ ಮನೆಯಲ್ಲಿ ವಾಸವಿರಬೇಕು, ಬಾಡಿಗೆಗೆ ಹೆಚ್ಚೆಂದರೆ 6 ಕೋಣೆ. ಒಡೆಯರೇ ಇಲ್ಲದ, ಕೀಲಿಕೈ ಕೊಟ್ಟು ಹೋಗುವ ಕಾವಲುಗಾರ ಮಾತ್ರ ಇರುವ ಮನೆಯನ್ನು ಹೋಂಸ್ಟೇ ಎನ್ನುವುದು ಸರಿಯಲ್ಲ.

ಒಡೆಯರು ಇರುವ ಮನೆಯಲ್ಲಿ ಊಟದಿಂದಲೇ ವ್ಯತ್ಯಾಸ ತಿಳಿಯುತ್ತದೆ. ಧರ್ಮಪುರಿ ರಾಗಿಯ ಸೀಮೆ. ಅಲ್ಲಿನವರು ‘ಕಳಿ’ ಎಂದು ಬಡಿಸುವುದು ನಮ್ಮ ಮುದ್ದೆಯನ್ನೇ. ಬೆಟ್ಟದ ಮನೆಯಲ್ಲಿ ಕೇಳಿದರೆ ಸಾಮೆ ಅನ್ನ ಸಿಕ್ಕೀತು. ಭಾಷೆಯ ಅಂಜಿಕೆಯೂ ಬೇಡ. ಸೇಲಂನ ನೇಕಾರ ದೇವಾಂಗರಲ್ಲಿ ಎಷ್ಟೋ ಕುಟುಂಬಗಳ ಮನೆಮಾತು ಇಂದಿಗೂ ಕನ್ನಡ, ಕುಲದೇವತೆ ಚೌಡೇಶ್ವರಿ. ಪೆನ್ನಾಗರಂ ಕಡೆಯ ಗಡಿಹಳ್ಳಿಗಳಲ್ಲೂ ಕನ್ನಡ ಕಿವಿಗೆ ಬೀಳುತ್ತದೆ.

ಆದ್ದರಿಂದ ಹೊರಡುವವರಿಗೆ ಒಂದು ವಿನಂತಿ. ಮನೆ ಬುಕ್ ಮಾಡುವ ಮೊದಲು ಫೋನ್ ಮಾಡಿ ಮಾತಾಡಿ. ಮನೆಯವರು ಅಲ್ಲೇ ಇರುತ್ತಾರೆಯೇ, ಅಡಿಗೆ ಮಾಡುವವರು ಯಾವ ಊರಿನವರು, ಬೇಸಿಗೆಯಲ್ಲಿ ನೀರು ಎಲ್ಲಿಂದ ಬರುತ್ತದೆ ಎಂದು ಕೇಳಿ. ಉತ್ತರ ಸಮಾಧಾನ ತರದಿದ್ದರೆ ಬೇರೆ ಮನೆ ನೋಡಿ. ಕತ್ತಲಾದ ಮೇಲೆ ತೋಟದಲ್ಲಿ ಒಬ್ಬರೇ ಸುತ್ತಬೇಡಿ, ಈ ಬೆಟ್ಟದಲ್ಲಿ ಕಾಟಿಗಳಿವೆ. ಸೇರ್ವರಾಯನ ಗವಿಯೊಳಗೆ ಫೋನಿನ ಫ್ಲ್ಯಾಶ್ ಬೆಳಗಿಸಬೇಡಿ, ಅದು ಇನ್ನೊಬ್ಬರ ದೇವರ ಕೋಣೆ. ಮೇ ತಿಂಗಳ ನೂಕುನುಗ್ಗಲು ಬೇಡವೆನ್ನುವವರು ಮಳೆ ಮುಗಿದು ಕೊಯ್ಲು ನಡೆಯುವ ಡಿಸೆಂಬರಿನಲ್ಲಿ ಹೋಗಲಿ. ಕಾರು ಇಲ್ಲದಿದ್ದರೂ ತೊಂದರೆಯಿಲ್ಲ. ಬೆಂಗಳೂರಿನಿಂದ ಹೊಸೂರು, ಧರ್ಮಪುರಿ, ಓಮಲೂರು ಮಾರ್ಗವಾಗಿ ಸೇಲಂಗೆ ರೈಲಿದೆ, ಸೇಲಂನಿಂದ ಏರ್ಕಾಡಿಗೆ ಸರ್ಕಾರಿ ಬಸ್ಸುಗಳಿವೆ.